ಸೈಕಲ್ಲಿಗೆ ಮೆತ್ತನೆ ಹಿಡಿ

ಹೊಳೆನರಸೀಪುರದ ಕೋಟೆ ಬೀದಿಯ ಅರ್ಚಕ ಚಲುವನಾರಾಯಣ ಭಟ್ಟರಿಗೆ ಸೈಕಲ್ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವರ ಹೆಂಡತಿ ಕನಕಲಕ್ಷ್ಮಿಗೆ ಬರುತ್ತಿತ್ತು. ಬರೀ ಬರುತ್ತಿತ್ತು ಎಂದರೆ ಸಾಲದು. ಚನ್ನರಾಯಪಟ್ಟಣದ ತೌರಿನಲ್ಲಿ ಅಣ್ಣನ ಸೈಕಲ್ಲನ್ನು ಒಳಪೆಡಲ್ ಹೊಡೆದು ಕಲಿತವಳು ಆಕೆ. ಹರದನಹಳ್ಳಿಯ ಪ್ರೈಮರಿ ಶಾಲೆಗೆ ಟೀಚರಾಗಿ ನೇಮಕವಾದಾಗ, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲವಲ್ಲ ಎಂದು ಮನೆಯವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ಆಕೆ ಸೀರೆಯ ನೆರಿಗೆಗೊಂದು ಪಿನ್ನು ಚುಚ್ಚಿಕೊಂಡು ಲೇಡೀಸ್ ಸೈಕಲ್ ಹತ್ತಿ ಹೊರಟೇಬಿಟ್ಟಳು. ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುವವರಿಗೆ ಆ ವರ್ಷ ಬೇರೆ ಸುದ್ದಿಯೇ ಬೇಕಾಗಲಿಲ್ಲ.

"ದೇವರ ಪೂಜೆ ಗಂಡಂದು, ಊರ ಪ್ರದಕ್ಷಿಣೆ ಹೆಂಡತೀದು" ಎಂದು ಆಡಿಕೊಂಡರು. ಭಟ್ಟರು ಕೇಳಿಸಿಕೊಂಡು ನಕ್ಕರು. ಊರ ಬಾಯಿಗೆ ಮುಚ್ಚಳ ಹಾಕುವುದಕ್ಕೆ ಆಗುತ್ತದೆಯೇ? ಮೆತ್ತಗಿನ ಮನುಷ್ಯ, ಜಗಳ ಕಂಡರೆ ಗರ್ಭಗುಡಿಯೊಳಗೆ ಹೋಗಿ ನಿಲ್ಲುವವರು. ಆದರೆ ಊರಿಗೆ ಹೇಳದ, ಹೆಂಡತಿಗೂ ಹೇಳದ ಒಂದು ಹೆದರಿಕೆ ಅವರೊಳಗೆ ಕೂತಿತ್ತು. ಸಂಜೆ ದೀಪಕ್ಕೆ ಬತ್ತಿ ಹೊಸೆಯುವಾಗ ಒಂದು ಕಿವಿ ಬೀದಿಯ ಕಡೆಗೇ ಇರುತ್ತಿತ್ತು. ಸೈಕಲ್ ಬೆಲ್ ಕೇಳಿಸಿದ ಮೇಲೆಯೇ ಅವರ ಮಂತ್ರ ಬಾಯಿಂದ ಹೃದಯಕ್ಕೆ ಇಳಿಯುತ್ತಿದ್ದದ್ದು.

ಅರ್ಧ ದಾರಿ ಕಳೆದ ಮೇಲೆ ಟಾರು ಮುಗಿದು ಕಾಲುವೆ ಏರಿಯ ಜಲ್ಲಿಹಾದಿ ಶುರುವಾಗುತ್ತಿತ್ತು. ಲೇಡೀಸ್ ಸೈಕಲ್ಲಿನ ಸಣಕಲು ಟೈರು ಅಲ್ಲಿ ನಿಲ್ಲುತ್ತಿರಲಿಲ್ಲ. ತೊಂಬತ್ತೇಳರಲ್ಲಿ ಕನಕಲಕ್ಷ್ಮಿ ಹಾಸನದಿಂದ ಮೌಂಟನ್ ಬೈಕ್ ತಂದಳು. ದಪ್ಪ ಟೈರು, ನೇರವಾದ ಹ್ಯಾಂಡಲ್ಲು, ಸೀರೆಗೆ ಅಡ್ಡ ಬಾರದಂತೆ ತಗ್ಗಿಸಿದ ಕಂಬಿ. ಬೆಟ್ಟವೇ ಇಲ್ಲದ ದಾರಿಗೆ ಬೆಟ್ಟದ ಸೈಕಲ್ ಯಾತಕ್ಕೆ ಎಂದು ಜಗಲಿಯವರು ಕೇಳಿದರು. ಉತ್ತರ ಹೇಳುವಷ್ಟು ಹೊತ್ತು ಆಕೆ ಅಲ್ಲಿ ನಿಲ್ಲುತ್ತಿರಲಿಲ್ಲ.

ಆ ದಾರಿಯಲ್ಲಿ ಆಕೆ ಹಾಡುತ್ತಾಳೆ ಎನ್ನುವುದು ಭಟ್ಟರಿಗೆ ಗೊತ್ತಾದದ್ದು ಹರದನಹಳ್ಳಿಯ ದೇವರಾಜುವಿನಿಂದ. ಕಾಲುವೆಯ ತೂಬಿನ ಪಕ್ಕ ಅವನ ಗದ್ದೆ. ದೇವಸ್ಥಾನಕ್ಕೆ ಬಂದಾಗ ಒಮ್ಮೆ ಹೇಳಿದ: "ನಮ್ ಟೀಚ್ರಮ್ಮ ಏರಿ ಮ್ಯಾಲೆ ಪದ ಏಳ್ಕಂಡು ಓಯ್ತಾರೆ ಅಯ್ನೋರೆ. ನಾವು ಗುದ್ಲಿ ನಿಲ್ಲಿಸ್ಬುಟ್ಟು ಕೇಳ್ತೀವಿ." ಮನೆಯಲ್ಲಿ ಒಂದು ದಿನವೂ ಆಕೆ ಬಾಯಿಬಿಟ್ಟು ಹಾಡಿದವಳಲ್ಲ. ಭಟ್ಟರಿಗೆ ಹೆಮ್ಮೆಯಾಯಿತು, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ತನಗೆ ಕೇಳಿಸದ ಹಾಡು ದೇವರಾಜುವಿನ ಗದ್ದೆಗೆ ಕೇಳಿಸುತ್ತಿತ್ತಲ್ಲ.

ಎರಡು ಸಾವಿರದ ಇಸವಿಯ ಹೊತ್ತಿಗೆ ಕನಕಲಕ್ಷ್ಮಿಯ ಬೆರಳ ಗೆಣ್ಣುಗಳು ಊದಿಕೊಳ್ಳತೊಡಗಿದವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟುವುದಕ್ಕೆ ಆಗುತ್ತಿರಲಿಲ್ಲ. ಡಾಕ್ಟರು ಸಂಧಿವಾತ ಎಂದರು, ಕೈಯಾಡಿಸುತ್ತಾ ಇರಿ, ಬಿಗಿಯಾಗಿ ಮಾತ್ರ ಹಿಡಿಯಬೇಡಿ ಎಂದರು. ಸೈಕಲ್ಲಿನ ಹಿಡಿಯೋ ಗಟ್ಟಿ ಪ್ಲಾಸ್ಟಿಕ್ಕು, ಮೇಲೆ ಹಲ್ಲುಹಲ್ಲು. ಜಲ್ಲಿಯ ಒಂದೊಂದು ಕುಲುಕೂ ಬೆರಳಿಂದ ಮೊಣಕೈವರೆಗೆ ಹೊಡೆಯುತ್ತಿತ್ತು. ಹಳೆ ಸೀರೆಯ ತುಂಡು ಸುತ್ತಿ ನೋಡಿದಳು, ಅದು ಉಂಡೆಯಾಗಿ ಬಿಚ್ಚಿಹೋಯಿತು. ಎರಡು ಸಾವಿರದ ಎರಡರ ಶುರುವಿನಲ್ಲಿ ಒಂದು ಬೆಳಗ್ಗೆ ಗಂಡನ ಮುಂದೆ ಕೈ ಚಾಚಿ ಹೇಳಿದಳು: "ಈ ಹಿಡಿ ಒಂದು ಸರಿಹೋದ್ರೆ ರಿಟೈರಾಗೋ ತನಕ ಓಡಿಸ್ತೀನಿ ಕಣ್ರೀ. ಇಲ್ದಿದ್ರೆ ಇದೇ ಕಡೇ ವರ್ಷ."

ಆಕೆ ಗಂಡನ ಹತ್ತಿರ ಏನನ್ನೂ ಕೇಳುವವಳಲ್ಲ. ಅಂಥವಳು ಕೇಳಿದಳಲ್ಲ ಎಂದು ಭಟ್ಟರು ಮಾರನೆಯ ದಿನವೇ ಪೂಜೆ ಮುಗಿಸಿ ಹಾಸನದ ಬಸ್ಸು ಹತ್ತಿದರು. ಸೊಂಟದ ಮಡಿಕೆಯಲ್ಲಿ ಒಂದು ದಾರ ಸಿಕ್ಕಿಸಿಕೊಂಡಿದ್ದರು. ಹೆಂಡತಿ ಮಲಗಿದ್ದಾಗ ಆಕೆಯ ಅಂಗೈಯಿಂದ ನಡುಬೆರಳ ತುದಿಯವರೆಗೆ ಅಳೆದು ಕತ್ತರಿಸಿದ ದಾರ.

ಬಸ್ ಸ್ಟ್ಯಾಂಡಿನ ಹಿಂದೆ ಬೋರಪ್ಪನ ಸೈಕಲ್ ಅಂಗಡಿ. ಜನಿವಾರ, ಜುಟ್ಟು, ನಾಮದ ಗಿರಾಕಿಯನ್ನು ಕಂಡು ಅವನಿಗೆ ನಗು. ಆದರೂ ಸ್ಪಂಜಿನ ಹಿಡಿಗಳನ್ನೆಲ್ಲ ತೆಗೆದು ಮುಂದೆ ಸುರಿದ. ತೆಳ್ಳಗೆ ಬಿರುಸಾಗಿದ್ದವು ಕೆಲವು, ಹೀರೆಕಾಯಿಯಷ್ಟು ದಪ್ಪಗೆ ಮೆತ್ತಗಿದ್ದವು ಕೆಲವು. ಭಟ್ಟರು ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಒಂದೊಂದನ್ನೂ ಅದುಮಿ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಹೆಂಡತಿ ಹಿಡಿಯುವ ಹಾಗೆ ಬೆರಳನ್ನು ಅರ್ಧ ಮಾತ್ರ ಮಡಿಸಿ ಹಿಡಿದು ನೋಡಿದರು. ಎಲ್ಲಕ್ಕಿಂತ ದಪ್ಪದ್ದನ್ನೇ ಎತ್ತಿಕೊಂಡಾಗ ಬೋರಪ್ಪ ತಡೆದ.

"ತೀರಾ ದಪ್ಪ ಬ್ಯಾಡ ಸಾ. ಬ್ರೇಕು ದೂರಾಯ್ತದೆ, ಎಂಗಸ್ರ ಕೈಗೆ ಎಟುಕಲ್ಲ."

ಭಟ್ಟರು ದಾರ ಬಿಚ್ಚಿ ಕೊಟ್ಟರು. ಬೋರಪ್ಪ ಹಿಡಿಯ ಮೇಲೆ, ಬ್ರೇಕಿನ ಮೇಲೆ ಸುತ್ತಿ ನೋಡಿ ನಡುವಿನ ಗಾತ್ರದ ಜೊತೆಯೊಂದನ್ನು ಆರಿಸಿದ. ಅಂಥದ್ದೇ ಇನ್ನೊಂದು ಹಿಡಿಯನ್ನು ಅಂಗಡಿಯ ಸೈಕಲ್ ಒಂದಕ್ಕೆ ಹಾಕಿಯೂ ತೋರಿಸಿದ. ಹಿಡಿಯ ಬಾಯಿಗೆ ಎರಡು ಸಲ ಉಗುಳಿ, ಹ್ಯಾಂಡಲ್ಲಿಗೆ ಇಟ್ಟು ಒಂದೇ ದಮ್ಮಿಗೆ ತಳ್ಳಿದ. "ಎಂಜ್ಲು ಆರೋದ್ರೆ ಕಚ್ಕತದೆ ಸಾ. ಆಮ್ಯಾಕೆ ಆನೆ ಎಳುದ್ರೂ ಬರಲ್ಲ. ಸೈಕಲ್ ತನ್ನಿ, ನಾನೇ ಆಕ್ಕೊಡ್ತೀನಿ."

ಭಟ್ಟರು ಕೈ ಹಿಂದೆಗೆದುಕೊಂಡರು. ಇನ್ನೊಬ್ಬರ ಎಂಜಲು! ಅದನ್ನೇ ದಿನಾ ಹಿಡಿದು ಬರುವ ಕೈಯಲ್ಲಿ ಆಕೆ ದೇವರ ನೈವೇದ್ಯಕ್ಕೆ ಅಕ್ಕಿ ತೊಳೆಯಬೇಡವೇ? "ಬೇಡಪ್ಪ, ಮನೇಲೇ ಹಾಕ್ಕೋತೀನಿ" ಎಂದು ಹಿಡಿಗಳನ್ನು ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡು ಬಂದರು. ಎಣ್ಣೆ ಹಚ್ಚಬೇಡಿ ಎಂದು ಬೋರಪ್ಪ ಹೇಳಲಿಲ್ಲ. ಬೆಂಕಿಗೆ ಕೈ ಇಡಬೇಡಿ ಎಂದು ದೊಡ್ಡವರಿಗೆ ಯಾರಾದರೂ ಹೇಳುತ್ತಾರೆಯೇ?

ಮನೆಯಲ್ಲಿ ಹಳೆಯ ಹಿಡಿಗಳನ್ನು ಈಳಿಗೆಯಿಂದ ಸೀಳಿ ತೆಗೆದರು. ತುಕ್ಕು ಹಿಡಿದ ಹ್ಯಾಂಡಲ್ಲನ್ನು ದೀಪದ ಕಂಬ ತಿಕ್ಕುವಂತೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದರು. ಹೊಸ ಹಿಡಿಯ ಒಣ ಸ್ಪಂಜು ಏರಲಿಲ್ಲ, ಮುದುಡಿಕೊಂಡಿತು. ನೀರು ಹಾಕಿದರೆ ಅರ್ಧಕ್ಕೆ ನಿಂತು ಹಟ ಹಿಡಿಯಿತು. ಭಟ್ಟರಿಗೆ ಬಳೆಗಾರ ನೆನಪಾದ. ಗಟ್ಟಿ ಕೈಗೆ ಬಳೆ ಏರಿಸುವಾಗ ಅವನು ಎಣ್ಣೆ ಸವರುವುದಿಲ್ಲವೇ? ದೇವಸ್ಥಾನಕ್ಕೆ ಹೋಗಿ ನಂದಾದೀಪದ ಹರಳೆಣ್ಣೆಯನ್ನು ಒಂದು ಬಟ್ಟಲಲ್ಲಿ ತಂದರು. ಮಡಿಗೂ ಆಯಿತು, ಶುಭಕ್ಕೂ ಆಯಿತು. ಎಣ್ಣೆ ಸವರಿದ್ದೇ ತಡ, ಹಿಡಿ ಸುಯ್ಯನೆ ಒಳಗೆ ಹೋಯಿತು. ಬದುಕಿನಲ್ಲಿ ತಾನು ಮಾಡಿದ ಮೊದಲ ಗಂಡಸಿನ ಕೆಲಸ ಇದು ಎನ್ನಿಸಿ ಅವರಿಗೆ ಮೈಯುಬ್ಬಿತು.

ಕನಕಲಕ್ಷ್ಮಿ ಹೊರಗೆ ಬಂದು ಹಿಡಿಯ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ. "ನೋವೇ ಆಗ್ತಿಲ್ಲ ಕಣ್ರೀ" ಎಂದಳು. ಕಣ್ಣಲ್ಲಿ ನೀರಿತ್ತು. ಭಟ್ಟರು ಬೇಡದ ಕೆಲಸ ಹುಡುಕಿಕೊಂಡು ಒಳಗೆ ಹೋದರು.

ಸ್ಪಂಜಿಗೆ ಏನು ಗೊತ್ತು, ಕೊಟ್ಟಿದ್ದನ್ನು ಕುಡಿಯಿತು. ಮೊದಮೊದಲು ಹಿಡಿ ಗಟ್ಟಿಯಾಗಿಯೇ ಇತ್ತು. ಬೇಸಿಗೆ ಏರಿದಂತೆ ಎಣ್ಣೆ ಬಿಸಿಯಾಗಿ ಒಳಗೊಳಗೇ ಹರಡಿತು. ಅಂಗೈಗೆ ಜಿಡ್ಡು ಹತ್ತಿದಾಗ ಕನಕಲಕ್ಷ್ಮಿ ಅದು ತಾನು ಬೆರಳಿಗೆ ತಿಕ್ಕಿಕೊಳ್ಳುವ ನೋವಿನೆಣ್ಣೆ ಎಂದುಕೊಂಡಳು. ಹಿಡಿ ತುಸು ತಿರುಗಿದಂತಾದಾಗ, ತಿರುಗಿದ್ದು ತನ್ನ ಸೋತ ಕೈಯೇ ಎಂದುಕೊಂಡಳು. ಗಂಡ ಪ್ರೀತಿಯಿಂದ ಹಾಕಿಕೊಟ್ಟ ಹಿಡಿಯ ಮೇಲೆ ಆಕೆಗೆ ಅನುಮಾನವೇ ಬರಲಿಲ್ಲ.

ಶಾಲೆಗೆ ರಜೆ ಬರಲು ಕೆಲವೇ ದಿನ ಇದ್ದಾಗ, ತೂಬಿನ ಹತ್ತಿರ ಏರಿ ಇಳಿಯುವ ಕಡೆ, ಬಲಗಡೆಯ ಹಿಡಿ ಸೈಕಲ್ಲಿನಿಂದ ಜಾರಿ ಕೈಗೆ ಬಂತು. ಬ್ರೇಕು ತಪ್ಪಿತು. ಕನಕಲಕ್ಷ್ಮಿ ತೂಬಿನ ಕಲ್ಲಿನ ಮೇಲೆ ಬಿದ್ದಳು. ದೇವರಾಜು ಗದ್ದೆಯಿಂದ ಓಡಿಬಂದು, ಹೆಂಡತಿ ಲಕ್ಕಮ್ಮನನ್ನು ಕೂಗಿ, ಇಬ್ಬರೂ ಸೇರಿ ಆಕೆಯನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದರು. ಬಲಗೈಯ ಮಣಿಕಟ್ಟು ಮುರಿದಿತ್ತು.

"ನಾನು ಹಿಡಿದೇ ಇದ್ದೆ ಕಣ್ರೀ. ನನ್ನ ಕೈ ಬಿಟ್ಟುಬಿಡ್ತು" ಎಂದಳು ಭಟ್ಟರನ್ನು ಕಂಡ ಕೂಡಲೇ. ಅಷ್ಟು ನೋವಿನಲ್ಲೂ ಆಕೆಯ ಮುಖದಲ್ಲಿ ಇದ್ದದ್ದು ನಾಚಿಕೆ.

ಮಾರನೆಯ ದಿನ ಸೈಕಲ್ ತರಲು ಭಟ್ಟರು ಹರದನಹಳ್ಳಿಗೆ ಹೋದರು. ದೇವರಾಜು ಸೈಕಲ್ಲಿನ ಜೊತೆಗೆ ಬಿದ್ದಿದ್ದ ಹಿಡಿಯನ್ನೂ ತಂದು ತೋರಿಸಿದ. "ಇದ್ಯಾವನು ಅಯ್ನೋರೆ ಇದ್ಕೆ ಎಣ್ಣೆ ಉಯ್ದೋನು? ಇಂಗಿದ್ರೆ ಪೈಲ್ವಾನ್ ಕೈಲೂ ನಿಲ್ಲಲ್ಲ ಕಣಿ." ಹಿಂಡಿದ. ಅವನ ಬೆರಳ ಸಂದಿಯಿಂದ ಎಣ್ಣೆ ಇಳಿಯಿತು. ಗರ್ಭಗುಡಿಯ ವಾಸನೆ ಭಟ್ಟರ ಮೂಗಿಗೆ ಬಡಿಯಿತು. ಅವರು ಜಗಲಿಯ ಮೇಲೆ ಕೂತರು. "ಸೈಕಲ್ ನೀನೇ ಇಟ್ಕೋ ದೇವರಾಜು" ಎಂದಷ್ಟೇ ಹೇಳಿ ಎದ್ದು ಬಂದರು.

ಹೇಳಬೇಕು ಎಂದುಕೊಂಡೇ ಬಂದರು. ಆಸ್ಪತ್ರೆಯಲ್ಲಿ ಕನಕಲಕ್ಷ್ಮಿಯ ಅಣ್ಣ ಕೂತಿದ್ದ, ಆಗಲಿಲ್ಲ. ನಾಳೆ ಎಂದುಕೊಂಡರು. ನಾಳೆಗೆ ನಾಳೆ ಸೇರಿ ಪ್ಲಾಸ್ಟರ್ ಬಿಚ್ಚುವ ದಿನ ಬಂತು. ಅವತ್ತು ಬಾಯಿ ತೆರೆದರು, ಬಂದದ್ದು ಬೇರೆ ಮಾತು: "ಇನ್ನು ಸೈಕಲ್ ಸಾಕು ಬಿಡು."

"ಹೂಂ" ಎಂದಳು ಆಕೆ. "ಇನ್ನು ಈ ಕೈನ ನಂಬೋ ಹಾಗಿಲ್ಲ."

ಆ ಕ್ಷಣ ಭಟ್ಟರಿಗೆ ಆದದ್ದು ದುಃಖವಲ್ಲ, ಸಮಾಧಾನ. ಸಂಜೆ ಸಂಜೆ ಬೀದಿಗೆ ಕಿವಿಯಿಟ್ಟು ಕಾಯುವ ಹೆದರಿಕೆ ಇನ್ನಿಲ್ಲವಲ್ಲ ಎಂದು ಎದೆ ಹಗುರವಾಯಿತು. ಎಣ್ಣೆ ಹಚ್ಚಿದ್ದು ತಿಳಿಯದೆ ಮಾಡಿದ ತಪ್ಪು, ಯಾವ ದೇವರಾದರೂ ಮನ್ನಿಸಿಯಾನು. ಈ ಸಮಾಧಾನಕ್ಕೆ ಏನು ಹೇಳುವುದು?

ಕನಕಲಕ್ಷ್ಮಿ ಊರಿನೊಳಗಿನ ಶಾಲೆಗೆ ವರ್ಗ ಮಾಡಿಸಿಕೊಂಡಳು. ಕೆಲಸ ಉಳಿಯಿತು. ಉಳಿಯದೆ ಹೋದದ್ದು ಬೇರೆ. ತುಂಬಿದ ಕೊಡ ಎತ್ತಲು ಹೆದರಿದಳು. ಬಾಗಿಲಿಗೆ ದೊಡ್ಡ ರಂಗೋಲಿ ಬಿಡುವುದನ್ನು ನಿಲ್ಲಿಸಿದಳು. ಪಕ್ಕದ ಮನೆಯ ಆರತಿ ಬಾಣಂತನ ಮುಗಿಸಿ ಬಂದು ಮಗುವನ್ನು ಮಡಿಲಿಗೆ ಕೊಡಲು ಹೋದಾಗ ಎರಡು ಹೆಜ್ಜೆ ಹಿಂದೆ ಸರಿದು, "ಬೇಡಮ್ಮ, ನನ್ನ ಕೈ ಬಿಟ್ಟುಬಿಡುತ್ತೆ" ಎಂದಳು. ಆರತಿಯ ಮುಖ ಸಣ್ಣದಾಯಿತು. ಭಟ್ಟರು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ಒಂದೇ ಒಂದು ಮಾತು ಹೇಳಿದ್ದರೆ ಆ ಮಗು ಆಕೆಯ ಮಡಿಲಲ್ಲಿ ಇರುತ್ತಿತ್ತು. ಹೇಳಲಿಲ್ಲ. ತಡವಾದಷ್ಟೂ ಮಾತು ಭಾರವಾಗುತ್ತಾ ಹೋಯಿತು, ಕೊನೆಗೆ ಎತ್ತುವುದಕ್ಕೇ ಆಗದಷ್ಟಾಯಿತು. ಅಷ್ಟರಲ್ಲಿ ರೋಗವೂ ತನ್ನ ಕೆಲಸ ತಾನು ಮಾಡಿತು. ನಾಲ್ಕೈದು ವರ್ಷದಲ್ಲಿ ಆಕೆಯ ಬೆರಳುಗಳು ನಿಜವಾಗಿಯೂ ಸೊಟ್ಟಗಾದವು.

ಎರಡು ಸಾವಿರದ ಏಳರಲ್ಲಿ ದೇವರಾಜು ಮಗಳು ಭವ್ಯಶ್ರೀಯ ಮದುವೆಗೆ ಕರೆಯಲು ಬಂದ. ಕನಕಲಕ್ಷ್ಮಿ ಪಾಠ ಹೇಳಿದ ಹುಡುಗಿ. ಕಾಫಿ ಕೊಟ್ಟು, ತಾನೂ ಒಂದು ಲೋಟ ಹಿಡಿದು ಕೂತು, ಮಾತಿಗೆ ಮಾತು ಬಂದು ಆಕೆ ಕೇಳಿದಳು: "ನನ್ನ ಸೈಕಲ್ ಇದೆಯೇನಪ್ಪಾ?"

"ಇಲ್ದೆ ಎಲ್ಲೋದಾದು ಟೀಚ್ರಮ್ಮ! ಕಲ್ಲಿದ್ದಂಗದೆ. ಆ ಸ್ಪಂಜು ಕಿತ್ತಾಕ್ಬುಟ್ಟು ಬ್ಯಾರೆ ಆಕಿಸ್ದೆ ಅಷ್ಟೆಯ. ಅದೊಂದು ಎಣ್ಣೆ ಕುಡ್ಕಂಡಿತ್ತಲ್ಲ. ಅದು ಜಾರ್ದೆ ಓಗಿದ್ರೆ ನೀವ್ಯಾಕೆ ಬೀಳ್ತಿದ್ರಿ? ಅವತ್ತೇ ಅಯ್ನೋರ್ಗೂ ತೋರಿಸ್ದ್ನಲ್ಲ."

ದೇವರಾಜು ಕುಂಕುಮ ಕೊಟ್ಟು, ಲಕ್ಕಮ್ಮ ಹೇಳಿಕಳಿಸಿದ ಮಾತುಗಳನ್ನೆಲ್ಲ ಹೇಳಿ ಎದ್ದು ಹೋದ. ಎಲ್ಲ ಕೇಳಿಸಿಕೊಂಡ ಭಟ್ಟರು ಬಾಗಿಲಲ್ಲೇ ನಿಂತಿದ್ದರು.

"ಅವತ್ತೇ ಗೊತ್ತಿತ್ತಾ?" ಎಂದಳು ಕನಕಲಕ್ಷ್ಮಿ.

"ಗೊತ್ತಿತ್ತು" ಎಂದರು ಭಟ್ಟರು. "ಅಂಗಡಿಯವನು ಎಂಜಲು ಹಾಕ್ತಿದ್ದ. ಅದಕ್ಕೇ ದೇವರ ದೀಪದ ಎಣ್ಣೆ..."

"ಎಣ್ಣೆ ವಿಷಯ ಬಿಡಿ. ಪ್ರೀತಿಯಿಂದಲೇ ಹಚ್ಚಿದ್ರಿ, ನಂಗೆ ಗೊತ್ತು." ಆಕೆಯ ದನಿ ಏರಲಿಲ್ಲ. ಬಗ್ಗಿದ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಪ್ಲಾಸ್ಟರ್ ಬಿಚ್ಚಿದಾಗ ಈ ಕೈ ಇನ್ನೂ ಚೆನ್ನಾಗಿತ್ತು ಕಣ್ರೀ. ಆವತ್ತು ಒಂದು ಮಾತು ಹೇಳಿದ್ದಿದ್ರೆ ನಾನು ಮತ್ತೆ ಹತ್ತುತ್ತಿದ್ದೆ. ಐದು ವರ್ಷ, ಏನೂ ತಪ್ಪು ಮಾಡದ ಕೈನ ಬೈಕೊಂಡು ಕೂತಿದ್ದೆ."

ಕಾಫಿ ಲೋಟ ಖಾಲಿಯಾಗಿತ್ತು. ಆಕೆ ಅದನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಎದ್ದಳು. ಭಟ್ಟರು ತೆಗೆದುಕೊಳ್ಳಲು ಮುಂದೆ ಬಂದರು. ಆಕೆ ಕೊಡಲಿಲ್ಲ, ತಾನೇ ಹಿಡಿದುಕೊಂಡು ನಿಧಾನವಾಗಿ ಒಳಗೆ ಹೋದಳು.