ಅಳಿಯನನ್ನು ಬಾಡಿಗೆಯವನೆಂದೆ

ನನ್ನ ಮಗಳ ಗಂಡ ವಿಯೆಟ್ನಾಂ ದೇಶದವನು. ಹೊಸೂರಿನ ಒಂದು ಫ್ಯಾಕ್ಟರಿಗೆ ಯಂತ್ರ ಜೋಡಿಸಲು ಬಂದಿದ್ದಾಗ, ಅಲ್ಲೇ ಕೆಲಸಕ್ಕಿದ್ದ ಮಗಳಿಗೆ ಪರಿಚಯವಾದ. ಕೆಲಸ ಮುಗಿಸಿ ತನ್ನ ಊರಿಗೆ ಹೋದವನು ಮರುವರ್ಷ ಟೂರಿಸ್ಟ್ ವೀಸಾದಲ್ಲಿ ಅವಳಿಗಾಗಿಯೇ ವಾಪಸ್ ಬಂದ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿ ಸಹಿ ಹಾಕಿದ ಮೂವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಮಾಡಿದ್ದನ್ನು ತಿಳಿಯದೆ ಮಾಡಿದೆ ಎನ್ನಲು ನನಗೆ ದಾರಿ ಇರಬಾರದು.

ಸಹಿ ಹಾಕಿದೆನೇ ಹೊರತು ನೆಂಟರಿಗೆ ಹೇಳಲಿಲ್ಲ. ನಾಟ್ರಾಂಪಾಳ್ಯದ ಕಡೆಯ ನಮ್ಮವರು ಅವಳಿಗೆ ಇನ್ನೂ ಗಂಡು ನೋಡುತ್ತಲೇ ಇದ್ದರು. ಮತ್ತಿಗಿರಿಯ ನಮ್ಮ ಬೀದಿಯಲ್ಲಿ ಕೇಳಿದವರಿಗೆ, ಮಹಡಿ ರೂಮಿಗೆ ಕಂಪನಿಯವರೊಬ್ಬರು ಬಾಡಿಗೆಗೆ ಬಂದಿದ್ದಾರೆ ಎಂದಿದ್ದೆ. ಜನ ನಂಬಿದರೋ ಇಲ್ಲವೋ, ನಂಬಿದವರಂತೆ ಇದ್ದರು.

"ಏನಣ್ಣಾ, ನಿಮ್ ಬಾಡ್ಗೆಯೋನು ಮುದ್ದೇನ ಅಗ್ದು ಅಗ್ದು ತಿಂತಾನಲ್ಲಾ. ನುಂಗೋದು ಕಲ್ಸ್ಕೊಡು" ಎಂದ ಎದುರು ಮನೆಯವನು.

"ಬಾಡ್ಗೆಯೋನಿಗೆ ಅದ್ನೂ ನಾನೇ ಕಲಿಸ್ಬೇಕೇನ್ಲಾ?" ಎಂದು ನಕ್ಕೆ. ಪಕ್ಕದಲ್ಲಿದ್ದ ಅಳಿಯ, ನಾನು ನಕ್ಕಿದ್ದಕ್ಕೆ ತಾನೂ ನಕ್ಕ.

ಟೂರಿಸ್ಟ್ ವೀಸಾದವನು ಇಲ್ಲೇ ನೆಲೆಸುವಂತಿಲ್ಲ. ಭಾರತೀಯರನ್ನು ಮದುವೆಯಾದವರಿಗೆ ಎಂಟ್ರಿ ವೀಸಾ ಅಂತ ಒಂದಿದೆ, ಅದಕ್ಕೆ ಬದಲಾಯಿಸಿಕೊಂಡರೆ ದೇಶ ಬಿಡಬೇಕಿಲ್ಲ ಎಂದು ಮಗಳು ವಿಚಾರಿಸಿ ಅರ್ಜಿ ಹಾಕಿದಳು. ಇಬ್ಬರೂ ನಿಜವಾಗಿ ಒಟ್ಟಿಗೆ ಸಂಸಾರ ಮಾಡುತ್ತಿದ್ದಾರೆಯೇ ಎಂದು ಪೊಲೀಸರು ಮನೆಗೆ ಬಂದು ಕೇಳುತ್ತಾರೆ. "ಇದ್ದದ್ದು ಇದ್ದಂಗೆ ಹೇಳಪ್ಪಾ, ಅಷ್ಟು ಸಾಕು" ಎಂದಿದ್ದಳು.

ಅವರು ಬಂದ ದಿನ ಮಗಳು ಶಿಫ್ಟಿನಲ್ಲಿದ್ದಳು, ಅಳಿಯ ಮಾರ್ಕೆಟ್ಟಿಗೆ ಹೋಗಿದ್ದ. ಜಗಲಿಯ ಮೇಲೆ ನನ್ನ ಅಣ್ಣ ಕೂತಿದ್ದರು, ಊರಿಂದ ಇನ್ನೊಂದು ಸಂಬಂಧದ ಸುದ್ದಿ ಹಿಡಿದುಕೊಂಡು. ಆ ವಿದೇಶದವರು ನಿಮಗೆ ಏನಾಗಬೇಕು ಎಂದು ಪೊಲೀಸಿನವರು ತಮಿಳಿನಲ್ಲಿ ಕೇಳಿದರು. ಅಣ್ಣ ನನ್ನ ಮುಖ ನೋಡಿದರು.

"ವಾಡಗೈಕ್ಕು ಇರುಕ್ಕಾರು" ಎಂದೆ. ಬಾಡಿಗೆಗೆ ಇದ್ದಾರೆ.

ಪೊಲೀಸಿನವರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ಅದನ್ನೇ ಹೇಳಿದೆ. ಬರೆದುಕೊಂಡು, ಕೆಳಗೆ ನನ್ನ ಸಹಿ ತೆಗೆದುಕೊಂಡು ಹೋದರು. ಸಂಜೆ ಸ್ಟೇಷನ್ನಿಗೆ ಹೋಗಿ ತಿದ್ದಿಸಿದರಾಯಿತು ಅಂದುಕೊಂಡೆ. ಸಂಜೆ ಅಣ್ಣನನ್ನು ಬಸ್ಸು ಹತ್ತಿಸಿ ಮನೆಗೆ ಬಂದೆ, ಅಷ್ಟೆ.

ಒಟ್ಟಿಗೆ ವಾಸವಿರುವುದು ಖಚಿತವಾಗಿಲ್ಲವೆಂದು ಅರ್ಜಿ ತಿರಸ್ಕಾರವಾಯಿತು. ವೀಸಾ ಮುಗಿಯುವ ಮೊದಲು ಅವನು ಹೊರಟುಹೋಗಬೇಕಾಯಿತು. ಹೋಗುವಾಗ ನನ್ನ ಕಾಲು ಮುಟ್ಟಿದ. ಮಗಳು ಆಗ ನಾಲ್ಕು ತಿಂಗಳ ಬಸುರಿ. "ಎದ್ರು ಮನೆಯೋನೇ ಏನೋ ಹೇಳಿರ್ಬೇಕಪ್ಪಾ" ಎಂದು ಅತ್ತಳು. "ಇರ್ಬೋದು" ಎಂದೆ. ಅವಳು ಆ ಮನೆಯವರೊಂದಿಗೆ ಮಾತು ಬಿಟ್ಟಳು. ನಾನು ಅದನ್ನೂ ನೋಡಿಕೊಂಡು ಸುಮ್ಮನಿದ್ದೆ.

ಈಗ ಅವನು ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಜೊತೆಗೆ ಹೆಣ್ಣಿನ ಮನೆಯವರದೊಂದು ಕಾಗದ ಇರಲಿ ಎಂದಳು ಮಗಳು. ಬರೆಯಲು ಕೂತಾಗ, ಹಿಂದೆ ಸಹಿ ಹಾಕಿ ಕೊಟ್ಟದ್ದು ಸುಳ್ಳು ಎಂದು ಬರೆಯದ ಹೊರತು ಈ ಕಾಗದಕ್ಕೆ ಬೆಲೆಯಿಲ್ಲ ಎಂದು ಹೊಳೆಯಿತು. ಬರೆದೆ. ಅವಳು ನಿಂತುಕೊಂಡೇ ಓದಿದಳು.

"ನೀನಾ ಅಪ್ಪಾ?"

"ನಾನೇ. ದೊಡ್ಡಪ್ಪ ಪಕ್ಕದಲ್ಲಿದ್ರು."

"ಅವ್ರು ಬಾಡ್ಗೆಯೋರಾದ್ರೆ, ದೊಡ್ಡಪ್ಪನ ಮುಂದೆ ನಾನು ಏನಾದೆ?"

ಅವಳು ಕಾಗದವನ್ನು ಕವರಿಗೆ ಹಾಕಿದಳು. "ದೊಡ್ಡಪ್ಪಂಗೆ ನೀನೇ ಹೇಳು. ಇವ್ರಿಗೂ ನೀನೇ ಹೇಳು. ನಾನು ಹೇಳಲ್ಲ."

ಅಣ್ಣನಿಗೆ ಅಂದೇ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಅವತ್ತೇ ಗೊತ್ತಾಯ್ತು ಕಣ್ಲಾ, ಮಹಡಿ ಮೆಟ್ಲತ್ರ ಅವ್ರಿಬ್ರ ಹಳೇ ಚಪ್ಲೀನೂ ಒಟ್ಗೇ ಇತ್ತು" ಎಂದರು.

ಅಳಿಯನಿಗೆ ಮಾತ್ರ ಇನ್ನೂ ಹೇಳಿಲ್ಲ. ವಿಡಿಯೊ ಕಾಲಿನಲ್ಲಿ "ಅಪ್ಪಾ, ಊಟ ಆಯ್ತಾ?" ಎನ್ನುತ್ತಾನೆ. ಆಯ್ತಪ್ಪಾ ಎಂದು ಫೋನನ್ನು ಮಗಳ ಕೈಗೆ ಕೊಡುತ್ತೇನೆ. ಅವಳು ನನ್ನನ್ನೊಮ್ಮೆ ನೋಡಿ ಒಳಗೆ ಹೋಗುತ್ತಾಳೆ. ಹೆರಿಗೆಗೆ ಇನ್ನು ಒಂದೂವರೆ ತಿಂಗಳಿದೆ. ವೀಸಾ ಬಂದಿಲ್ಲ.