ದಿಬ್ಬದಾಚೆಯ ಗುಡುಗು

೧೯೪೮ರ ಸೆಪ್ಟೆಂಬರ್ ತಿಂಗಳ ನಡುಭಾಗ, ಭಾರತದ ಸೇನೆ ನಿಜಾಮನ ರಾಜ್ಯದೊಳಕ್ಕೆ ಬಂದ ಪೊಲೀಸ್ ಕಾರ್ಯಾಚರಣೆಯ ವಾರ. ಬೆಳಿಗ್ಗೆ ಏಳು ಗಂಟೆ. ಅಂಗಳದಲ್ಲಿದ್ದವರು ನನ್ನ ಅತ್ತೆ, ನೆರೆಮನೆಯ ಅಕ್ಕ, ಮತ್ತು ಮದುವೆಯಾಗಿ ವರ್ಷ ತುಂಬದ ನಾನು. ಮನೆಯ ಗಂಡಸರು ನಿಜಾಮನ ಕಡೆಯ ರಜಾಕಾರರ ಕಾಟಕ್ಕೆ ಬೇಸಿಗೆಯಲ್ಲೇ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು.

ಗಂಡನ ಊರು ಭಾಲ್ಕಿ ತಾಲ್ಲೂಕಿನದು, ಮಾಂಜ್ರಾ ನದಿಯ ತಗ್ಗಿನಲ್ಲಿದೆ. ನಾನು ಹುಟ್ಟಿದ್ದು ಔರಾದ್ ಕಡೆಯ ಬಯಲಿನಲ್ಲಿ, ಸಾಲಿ ಮಾಸ್ತರರ ಮನೆಯಲ್ಲಿ. ಅಲ್ಲಿ ಗಂಟೆ ನೋಡಿ ಏಳುವುದು, ಗಂಟೆ ನೋಡಿ ಉಣ್ಣುವುದು. ಮಳೆ ಬರುವುದು ಕೂಡ ಹರದಾರಿ ದೂರದಿಂದಲೇ ಕಾಣುತ್ತಿತ್ತು. ಈ ತಗ್ಗಿನ ರೀತಿಯೇ ಬೇರೆ. ಚಳಿಗಾಲದಲ್ಲಿ ಹೊತ್ತೇರಿದರೂ ಮಂಜು ಕರಗದು. ಬೇಸಿಗೆಯಲ್ಲಿ ಗಾಳಿ ಮೇಲಿಂದ ಮೇಲೆಯೇ ಹಾದುಹೋಗಿ ಒಂದು ಎಲೆಯೂ ಅಲ್ಲಾಡದು. ಮಳೆಗಾಲದಲ್ಲಿ ಬೀದರ್ ದಿಕ್ಕಿನ ದಿಬ್ಬ ಮೋಡವನ್ನು ಮರೆಮಾಡುತ್ತದೆ. ತಲೆಯ ಮೇಲೆ ಬಂದಾಗಲೇ ಅದು ಕಾಣುವುದು. ಹಾಗಾಗಿ ಇಲ್ಲಿನವರು ಆಕಾಶ ನೋಡುವುದಿಲ್ಲ, ಕಿವಿ ಕೊಡುತ್ತಾರೆ. ಆ ದಿಕ್ಕಿನಲ್ಲಿ ಗುಡುಗಿದರೆ ಹಿಡಿದ ಕೆಲಸ ಬಿಟ್ಟು ಹೊಲಕ್ಕೆ ನಡೆಯಬೇಕು.

ಆ ವರ್ಷ ಜೋಳದ ಹೊಲ ಬೀಳುಬಿದ್ದಿತ್ತು. ಇದ್ದದ್ದು ನದಿ ದಂಡೆಯ ಹೆಸರುಕಾಳಿನ ಬೆಳೆ ಒಂದೇ, ನಾವು ಹೆಂಗಸರೇ ಬಿತ್ತಿದ್ದು. ಕಾಯಿ ಕಪ್ಪಾಗಿ ನಿಂತಿತ್ತು. ಅದರ ಮೇಲೆ ಉತ್ತರಿ ಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳೆಯುತ್ತದೆ. ಊಟಕ್ಕೂ ಇಲ್ಲ, ಬೀಜಕ್ಕೂ ಇಲ್ಲ.

ಅಂಗಳ ಗುಡಿಸಿ ರೊಟ್ಟಿಗೆ ಕೂರಬೇಕು ಎನ್ನುವಾಗ ದಿಬ್ಬದಾಚೆ ಗುಡುಗಿತು. ಅತ್ತೆ ಬುಟ್ಟಿ ಎತ್ತಿಕೊಂಡರು. ಇನ್ನೂ ಒಲೆಯೇ ಹೊತ್ತಿಲ್ಲ ಎಂದೆ.

“ನಿಮ್ಮಪ್ಪನ ಗಡಿಯಾರ ಔರಾದದಾಗ ಇರ್ಲಿ. ಉತ್ತರಿ ಬಂತು, ನಡಿ.”

ಮೂವರೂ ಹೊಲಕ್ಕಿಳಿದಾಗ ಇಬ್ಬನಿ ಆರಿರಲಿಲ್ಲ, ಕಾಯಿ ಮೆತ್ತಗಿತ್ತು, ಸಿಡಿಯದೆ ಕೈಗೆ ಬರುತ್ತಿತ್ತು. ನೀರು ನಿಲ್ಲುವ ಕೆಳಗಿನ ಪಟ್ಟಿ ಮೊದಲು ಮುಗಿಸೋಣ ಎಂದೆ. ಅತ್ತೆ ಹೋಗಿ ಅಲ್ಲಿಯೇ ಬಗ್ಗಿದರು. ಗುಡುಗು ಮತ್ತೆ ಮತ್ತೆ ಕೇಳಿತು. ನಾವು ಉಡಿ ತುಂಬಿದಂತೆ ಬುಟ್ಟಿಗೆ ಸುರಿಯುತ್ತ ಬೇಗಬೇಗ ಕಾಯಿ ಬಿಡಿಸಿದೆವು. ಒಂದು ಹನಿಯೂ ಬೀಳಲಿಲ್ಲ.

ಆಗ ದಿಬ್ಬದ ಮೇಲಿಂದ ಮುದಿ ಕುರಿಗಾರನೊಬ್ಬ ಕುರಿ ಹೊಡೆದುಕೊಂಡು ಅವಸರದಲ್ಲಿ ಇಳಿದು ಬಂದ.

“ಅದು ಗುಡುಗಲ್ರಿ ಯವ್ವಾ. ಇಮಾನ ಬಂದು ಬೀದರಕ್ಕ ಬಾಂಬ್ ಹಾಕ್ಲತ್ತಾವ. ಮನಿಗಿ ನಡೀರಿ, ಬಾಗಲಾ ಹಾಕ್ಕೋರಿ.”

ಅಕ್ಕನಿಗೆ ಮನೆಯಲ್ಲಿ ಸಣ್ಣ ಮಕ್ಕಳು. ಅವಳನ್ನು ಅತ್ತೆಯೇ ಕಳಿಸಿಕೊಟ್ಟರು. ಆಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು, ಅಂದು ಮೊದಲ ಸಲ ಆಕಾಶ ನೋಡಿದರು. ಎಲ್ಲೂ ಮೋಡವಿರಲಿಲ್ಲ.

“ಇಷ್ಟು ವರ್ಷದ ಕಿವಿ, ಇವತ್ತು ಸುಳ್ಳ ಹೇಳ್ತು ನೋಡು,” ಎಂದು ನಕ್ಕರು.

ಹೋಗೋಣವೇ ಎಂದು ಕೇಳಿದೆ.

“ನಾವು ಬಾಗಲಾ ಹಾಕ್ಕೊಂಡು ಕುಂತ್ರ ಉತ್ತರಿ ಹೊರಗ ಕಾಯ್ಕೋತ ಕುಂದರ್ತದೇನ? ಇವತ್ತು ಮಳಿ ಇಲ್ಲ. ನಾಳಿ ಹೊರಗ ಬರ್ಲಿಕ್ಕಿ ಬಿಡ್ತಾರೋ ಇಲ್ಲೋ.”

ನಾನು ಸೆರಗು ಸಿಕ್ಕಿಸಿ ಮುಂದಿನ ಸಾಲಿಗೆ ಹೋದೆ. ವಿಮಾನದ ಸದ್ದು ಹತ್ತಿರವಾದಾಗ ಗಿಡಗಳ ನಡುವೆ ಕುಕ್ಕರಿಸುವುದು, ದೂರವಾದೊಡನೆ ಏಳುವುದು. ಬಿಸಿಲೇರಿ ಕಾಯಿ ಚಟಚಟ ಸಿಡಿಯತೊಡಗಿತು. ಬೇರೆ ದಿನವಾಗಿದ್ದರೆ ಕೆಲಸ ನಿಲ್ಲಿಸುತ್ತಿದ್ದೆವು. ಅಂದು ಗಿಡವನ್ನೇ ಬೇರುಸಹಿತ ಕಿತ್ತು, ಕಾಳು ಉದುರದಂತೆ ಕೌದಿಯಲ್ಲಿ ಕಟ್ಟಿ ಹೊತ್ತೆವು. ಮನೆಗೂ ಹೊಲಕ್ಕೂ ಎಷ್ಟು ಸಲ ತಿರುಗಿದೆವೋ, ಹೊತ್ತು ಇಳಿಯುವಾಗ ದಂಡೆಯ ಹೊಲ ಬರಿದಾಗಿತ್ತು.

ನಿಜವಾದ ಉತ್ತರಿ ಆಮೇಲೆ ಬಂತು, ಬಿಡದೆ ಹಿಡಿಯಿತು. ಊರಿನ ಎಷ್ಟೋ ಹೊಲಗಳಲ್ಲಿ ಹೆಸರು ನಿಂತಲ್ಲೇ ಮೊಳೆಯಿತು. ಆ ಸಂಜೆ ಮಾತ್ರ ನಮಗೆ ಅದಾವುದೂ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ, ಹಾಸಿಗೆ ಹಾಕುವ ಜಾಗದಲ್ಲೂ, ಗಿಡ ಹರವಿದೆವು. ಹೊಸ್ತಿಲ ಬಳಿ ಉದುರಿದ ಕಾಳನ್ನು ಅತ್ತೆ ಆರಿಸಿಕೊಂಡು ಅಗಳಿ ಹಾಕಿದರು. ನಾನು ಒಲೆ ಹೊತ್ತಿಸಿ, ಬೆಳಿಗ್ಗೆ ಮಾಡದೆ ಬಿಟ್ಟಿದ್ದ ರೊಟ್ಟಿ ಬಡಿದು ಮುಗಿಸಿ, ಹಂಚು ಇಳಿಸಿದೆ.