ಕಾಲಪ್ಪ

ಹಿಂದಿನ ದಿನ ವಿಶೇಷವೇನೂ ನಡೆಯಲಿಲ್ಲ. ದಿಂಬಿಗೆ ಗ್ರೀಸ್ ಹತ್ತಿಸಿದ್ದಕ್ಕೆ ಅವಳು ಬೈದಳು. ಗಂಡ ದಿಂಬು ತಿರುವಿ ಹಾಕಿ ಮಲಗಿದ. ಆ ಬದಿಗೂ ಗ್ರೀಸ್ ಇತ್ತು.

ಅವನು ಕಾರು ರಿಪೇರಿಯವನು. ಗ್ಯಾರೇಜು ಇಕ್ಕಟ್ಟು, ಕಾರುಗಳು ರಸ್ತೆ ಬದಿಗೇ ನಿಲ್ಲುತ್ತಿದ್ದವು. ಅವನು ಕಾರಿನ ಅಡಿಗೆ ನುಗ್ಗಿದರೆ ಹೊರಗೆ ಕಾಣುವುದು ಎರಡು ಕಾಲು. ಅದಕ್ಕೇ ಬೀದಿಯವರು ಕಾಲಪ್ಪ ಎಂದು ಹೆಸರಿಟ್ಟಿದ್ದರು. ಕಾಲನ್ನೇ ಮಾತಾಡಿಸಿ, ಕಾಲನ್ನೇ ದಾಟಿ ಹೋಗುತ್ತಿದ್ದರು.

"ಮುಖ ತೊಳ್ಕೊಂಡು ಹೋದ್ರೆ ಒಬ್ರಿಗೂ ಗುರುತು ಸಿಗಲ್ಲ ಕಣೆ," ಎಂದು ಅವನು ಹೆಂಡತಿಗೆ ಹೇಳುತ್ತಿದ್ದ.

ಮರುದಿನ ಕಾರಿನ ಅಡಿಯಲ್ಲಿದ್ದಾಗ ಎದೆನೋವು ಬಂತು. ಕೂಗಿದನೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಬೀದಿಯವರು ಎಂದಿನಂತೆ ಕಾಲು ದಾಟಿದರು. ಚಹಾದವನು ಪಕ್ಕದಲ್ಲಿ ಲೋಟ ಇಟ್ಟು, "ಆರಿ ಹೋಗತ್ತೆ ಕಾಲಪ್ಪ," ಎಂದು ಹೇಳಿ ಹೋದ. ಎದುರಂಗಡಿಯ ದರ್ಜಿ ಮಿಷನ್ ತುಳಿಯುತ್ತ ನೋಡುತ್ತಲೇ ಇದ್ದ. ಒಡಹುಟ್ಟಿದ ತಮ್ಮ ಒಳಗೆ ಟೈರು ಬಿಚ್ಚುತ್ತಿದ್ದ.

ಕಡೆಗೆ ನಿಂತವಳು ಯಾವ ಊರವಳೋ, ದಾರಿ ಕೇಳಲು ಬಂದಿದ್ದಳು. ಕಾಲನ್ನು ಕೇಳಿದಳು. ಮತ್ತೆ ಕೇಳಿದಳು. ಬಗ್ಗಿ ನೋಡಿ ಕಿರುಚಿದಳು. ಜನ ಸೇರಿತು.

"ಯಾರಾದ್ರೂ ಫೋನ್ ಮಾಡ್ರೀ," ಎಂದಳು. ಎಲ್ಲರೂ ಆ 'ಯಾರಾದರೂ' ಎಲ್ಲಿದ್ದಾನೆಂದು ಸುತ್ತ ನೋಡಿದರು.

"ಕೊರಳಲ್ಲಿ ಟೇಪ್ ಇರೋರು, ನೀವೇ, ಆಂಬುಲೆನ್ಸಿಗೆ ಫೋನ್ ಮಾಡಿ. ಲೋಟ ಹಿಡ್ಕೊಂಡೋರು, ಇವರನ್ನ ಹೊರಗೆ ಎಳೀರಿ," ಎಂದು ಬೆರಳು ತೋರಿಸಿದಳು.

ದರ್ಜಿ ಫೋನ್ ಮಾಡಿದ. ಲೋಟ ವಾಪಸ್ ಒಯ್ಯಲು ಬಂದಿದ್ದ ಚಹಾದವನು ಎಳೆದ. ಇಬ್ಬರೂ ಚುರುಕಾಗಿಯೇ ಮಾಡಿದರು.

ಸ್ವಲ್ಪ ಮೊದಲೇ ತಂದಿದ್ದರೆ ಉಳಿಯುತ್ತಿದ್ದ ಎಂದರು ಆಸ್ಪತ್ರೆಯಲ್ಲಿ.

ದರ್ಜಿ ಕಾಲಪ್ಪನ ಮನೆಗೆ ಬಂದು ಬಾಗಿಲ ಹತ್ತಿರವೇ ಕೂತ. "ಕೆಲಸದಲ್ಲಿದಾನೆ ಅಂದ್ಕೊಂಡೆ ಅಕ್ಕ. ದಿನಾ ಹಾಗೇ ಇರ್ತಿದ್ನಲ್ಲ."

"ಆ ಹೆಂಗಸು ನೋಡಿದಳಲ್ಲ," ಎಂದಳು ಹೆಂಡತಿ.

"ಅವಳಿಗೆ ಕಾಲಪ್ಪ ಗೊತ್ತಿರಲಿಲ್ಲ."

ಮಾತು ಸರಿಯಾಗಿಯೇ ಇತ್ತು. ಅವಳು ಅವನಿಗೆ ನೀರು ಕೊಟ್ಟಳು.

ಈಗ ಗ್ಯಾರೇಜು ಮೈದುನನದು. ಬೆಳಿಗ್ಗೆ ಎದ್ದು ಅವಳು ಅದರ ಮುಂದೆ ಗುಡಿಸಲು ಹೋಗುತ್ತಾಳೆ. ಅಷ್ಟರಲ್ಲಿ ಅವನು ಯಾವುದೋ ಕಾರಿನ ಅಡಿ ಸೇರಿರುತ್ತಾನೆ. ನಟ್ಟು, ತಂತಿ ಚೂರು ಎಲ್ಲ ಒಂದು ಕಡೆ ಮಾಡುತ್ತ ಬಂದು, ಕಾಲಿನ ಹತ್ತಿರ ಪೊರಕೆ ನಿಲ್ಲಿಸುತ್ತಾಳೆ.

"ಏನಪ್ಪಾ?"

"ಇದೀನಿ ಅತ್ತಿಗೆ. ನಿನ್ನೆನೂ ಇದ್ದೆ."

"ಮುಖ ತೋರಿಸು."

ಅವನು ಗೊಣಗುತ್ತ ಹೊರಗೆ ಜಾರುತ್ತಾನೆ. ಅವಳು ನೋಡಿ, ಅವನು ಮಲಗಿದ್ದ ಜಾಗವನ್ನೂ ಗುಡಿಸುತ್ತಾಳೆ.